ಮನೆ ಯಾರದ್ದು ಎನ್ನುವ ಜಗಳದಲ್ಲಿ ಬಾಡಿಗೆದಾರ ಎಲ್ಲಿ ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇದ್ದೀರಿ, ಬಾಡಿಗೆ ಮನೆಯಲ್ಲಿ ಇರುವವರೂ ಇದ್ದೀರಿ. ಇಬ್ಬರಿಗೂ ನಾನು ಹೇಳಬೇಕಾದ ಮಾತು ಒಂದೇ. ಮನೆ ಯಾರದ್ದು ಅನ್ನುವ ವ್ಯಾಜ್ಯ ಬೇರೆ, ಮನೆ ಖಾಲಿ ಮಾಡಿಸುವ ವ್ಯಾಜ್ಯ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಕೋರ್ಟಿಗೆ ಅಲೆದು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡ ಕುಟುಂಬಗಳನ್ನು ನಾನು ವಕೀಲಿಕೆಯಲ್ಲಿ ಬಹಳ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಬಾಡಿಗೆದಾರರು ಕಚೇರಿಗೆ ಬಂದಾಗ ಹೇಳುವುದು ಸಾಮಾನ್ಯವಾಗಿ ಹೀಗಿರುತ್ತದೆ. "ಸಾರ್, ಖಾಲಿ ಮಾಡಿ ಅಂತ ವಕೀಲರ ನೋಟಿಸ್ ಬಂದಿದೆ. ವಿಚಾರಿಸಿದೆವು, ಈ ಮನೆ ಅವರದ್ದೇ ಅಲ್ಲವಂತೆ. ಅಣ್ಣನ ಮಕ್ಕಳು ಪಾಲಿಗೆ ಕೇಸ್ ಹಾಕಿದ್ದಾರಂತೆ. ಓನರೇ ಅಲ್ಲದವರು ನಮ್ಮನ್ನು ಹೇಗೆ ಎಬ್ಬಿಸುತ್ತಾರೆ?" ಈ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನ ಇರುತ್ತದೆ, ದೊಡ್ಡ ಆಯುಧವೊಂದು ಕೈಗೆ ಸಿಕ್ಕಿದೆ ಅಂತ. ಆ ಆಯುಧವನ್ನು ಕೆಳಗಿಡಿ ಎಂದು ಹೇಳುವುದೇ ನನ್ನ ಮೊದಲ ಕೆಲಸ.

ಯಾಕೆ ಅಂದರೆ, ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಹಳೆಯದೊಂದು ನಿಯಮ ಇದೆ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದು 116ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 122ನೇ ಕಲಮು. ಬಾಡಿಗೆ ನಡೆಯುತ್ತಿರುವಷ್ಟು ಕಾಲವೂ, ಬಾಡಿಗೆ ಶುರುವಾದಾಗ ಮನೆ ಕೊಟ್ಟವರಿಗೆ ಅದರ ಮೇಲೆ ಹಕ್ಕು ಇರಲಿಲ್ಲ ಎಂದು ಬಾಡಿಗೆದಾರ ಹೇಳುವಂತಿಲ್ಲ. 1915ರಲ್ಲೇ, ಆಗ ನಮಗೆ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಬಿಲಾಸ್ ಕುಂವರ್ ಪ್ರಕರಣದಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತು: ಮನೆ ಕೊಟ್ಟವನ ಹಕ್ಕಿನಲ್ಲಿ ಎಷ್ಟೇ ದೋಷವಿರಲಿ, ಮೊದಲು ಸ್ವಾಧೀನವನ್ನು ಬಹಿರಂಗವಾಗಿ ಅವನಿಗೆ ವಾಪಸ್ ಕೊಡು, ಆಮೇಲೆ ಹಕ್ಕಿನ ಪ್ರಶ್ನೆ ಎತ್ತು. ನೂರು ವರ್ಷ ದಾಟಿದರೂ ನಮ್ಮ ಕೋರ್ಟುಗಳು ಅದೇ ದಾರಿಯಲ್ಲಿವೆ.

ಕೋರ್ಟಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಬಾಡಿಗೆದಾರ ತನ್ನ ಲಿಖಿತ ಹೇಳಿಕೆಯಲ್ಲಿ ಪುಟಗಟ್ಟಲೆ ಬರೆಸಿರುತ್ತಾನೆ: ವಾದಿಯ ತಾತ ಈ ನಿವೇಶನವನ್ನು ಕೊಂಡ ಕ್ರಯಪತ್ರವೇ ಸರಿ ಇಲ್ಲ, ಖಾತೆ ಬೇರೆಯವರ ಹೆಸರಲ್ಲಿದೆ, ಇತ್ಯಾದಿ. ಪಾಟಿ ಸವಾಲಿಗೆ ನಿಂತಾಗ ವಾದಿಯ ವಕೀಲರು ಅದರಲ್ಲಿ ಒಂದನ್ನೂ ಮುಟ್ಟುವುದಿಲ್ಲ. "ಈ ಮನೆಗೆ ಬಂದಾಗ ಬೀಗದ ಕೈ ಕೊಟ್ಟವರು ಯಾರು?" "ಇವರೇ." "ಮುಂಗಡ ಯಾರಿಗೆ ಕೊಟ್ಟಿರಿ?" "ಇವರಿಗೇ." "ಕಳೆದ ಯುಗಾದಿಯವರೆಗೆ ಬಾಡಿಗೆ ಯಾರ ಬ್ಯಾಂಕ್ ಖಾತೆಗೆ ಹಾಕುತ್ತಿದ್ದಿರಿ?" "ಇವರದ್ದಕ್ಕೆ." ಅಲ್ಲಿಗೆ ಮುಗಿಯಿತು. ಅಷ್ಟು ಪುಟಗಳಲ್ಲಿ ಬರೆದಿದ್ದಕ್ಕೆ ಆ ಮೂರು ಉತ್ತರಗಳ ಮುಂದೆ ತೂಕವಿಲ್ಲ. ಖಾಲಿ ಮಾಡಿಸುವ ದಾವೆಯಲ್ಲಿ ನ್ಯಾಯಾಧೀಶರು ಹುಡುಕುವುದು ಸಂಪೂರ್ಣ ಮಾಲೀಕತ್ವವನ್ನಲ್ಲ, ಬಾಡಿಗೆಗೆ ಕೊಟ್ಟವರು ಮತ್ತು ಪಡೆದವರು ಎನ್ನುವ ಸಂಬಂಧವನ್ನು. ಹಕ್ಕಿನ ವಿಚಾರ ಬಂದರೂ ಅದನ್ನು ಈ ಸಂಬಂಧ ತಿಳಿಯಲು ಬೇಕಾದಷ್ಟೇ ನೋಡುತ್ತಾರೆ.

ಇನ್ನೊಂದು ಅಪಾಯವನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮ 1882ರ 111ನೇ ಕಲಮು, ಲೀಸು ಅಂದರೆ ಬಾಡಿಗೆ ಕರಾರು ಯಾವಾಗ ಕೊನೆಯಾಗುತ್ತದೆ ಎಂದು ಹೇಳುತ್ತದೆ. ಬಾಡಿಗೆದಾರ "ಮನೆ ನನ್ನದೇ" ಎಂದೋ "ಮನೆ ಇನ್ಯಾರದ್ದೋ" ಎಂದೋ ಹೇಳಿ ತನ್ನ ಬಾಡಿಗೆದಾರನ ಸ್ಥಾನವನ್ನೇ ಬಿಟ್ಟುಕೊಟ್ಟರೆ, ಮಾಲೀಕ ಲಿಖಿತ ನೋಟಿಸ್ ಕೊಟ್ಟು ಲೀಸನ್ನು ಮುಗಿಸಬಹುದು. ಅಂದರೆ ನಿಮ್ಮನ್ನು ಉಳಿಸುತ್ತದೆ ಎಂದು ನಂಬಿ ಎತ್ತಿದ ಮಾತೇ ನಿಮ್ಮನ್ನು ಹೊರಗೆ ಹಾಕುವ ಕಾರಣವಾಗಬಹುದು. ಕರಾರಿನ ಅವಧಿ ಇನ್ನೂ ಬಾಕಿ ಇದ್ದ, ಬಾಡಿಗೆ ತಪ್ಪದೆ ಕಟ್ಟುತ್ತಿದ್ದ ಮನುಷ್ಯ ಈ ಒಂದು ವಾದದಿಂದ ಸೋಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ನಿಯಮ ಬಾಡಿಗೆದಾರನಿಗೆ ಅನ್ಯಾಯ ಅಲ್ಲವೇ ಎಂದು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಬೆಂಗಳೂರಿನಂಥ ಊರಲ್ಲಿ ಹಕ್ಕುಪತ್ರಗಳಲ್ಲಿ ಏನೂ ಕೊರತೆ ಇಲ್ಲದ ಸ್ವತ್ತು ಎಷ್ಟಿದೆ? ಕಂದಾಯ ನಿವೇಶನ, ಅನುಮೋದನೆಯಿಲ್ಲದ ಬಡಾವಣೆ, ಕ್ರಯಪತ್ರವಿಲ್ಲದೆ ಬರೀ ಜಿ.ಪಿ.ಎ. ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಕೈ ಬದಲಾದ ಜಾಗ, ಪೌತಿ ಖಾತೆ ಆಗದೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗದೆ ಉಳಿದ ತಾತನ ಮನೆ. ಬಾಡಿಗೆದಾರ ಇಂಥ ಒಂದೊಂದು ಕೊರತೆಯನ್ನೂ ಹಿಡಿದು ಮನೆ ಬಿಡದೆ ಕೂತರೆ, ಯಾರೂ ಯಾರನ್ನೂ ನಂಬಿ ಮನೆ ಬಾಡಿಗೆಗೆ ಕೊಡಲಾರರು. ಹಕ್ಕಿಗಾಗಿ ಬಡಿದಾಡುವವರು ಅಣ್ಣತಮ್ಮಂದಿರು. ಅದನ್ನು ಅವರು ತಮ್ಮ ವಿಭಾಗ ದಾವೆಯಲ್ಲಿ ತೀರಿಸಿಕೊಳ್ಳಲಿ. ಆ ಜಗಳದ ಲಾಭ ಮೂರನೆಯವರಿಗೆ ಹೋಗಬಾರದು.

ಆದರೆ ಮೊದಲು ಹೇಳಿದ ಆ ಸಾಕ್ಷ್ಯ ಕಾನೂನಿನ ಕಲಮಿನಲ್ಲೇ ಒಂದು ಮಿತಿಯೂ ಇದೆ. ಬಾಡಿಗೆ ಶುರುವಾದಾಗ ಇದ್ದ ಹಕ್ಕನ್ನು ಅಲ್ಲಗಳೆಯುವಂತಿಲ್ಲ, ಅಷ್ಟೇ. ಆಮೇಲೆ ಏನಾಯಿತು ಎಂದು ಹೇಳಲು ಬಾಡಿಗೆದಾರನಿಗೆ ಅಡ್ಡಿಯಿಲ್ಲ. ನಿಜವಾದ ತೊಡಕು ಹುಟ್ಟುವುದೂ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಒಂದು ಹಳೆಯ ವಠಾರ ಇದೆ ಎಂದುಕೊಳ್ಳಿ. ಯಜಮಾನರು ತೀರಿಕೊಂಡರು. ಉಯಿಲು ಬರೆದಿದ್ದಾರೋ ಇಲ್ಲವೋ ಗೊತ್ತಿಲ್ಲ. ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬ ಮಗಳು. ತಿಂಗಳ ಮೊದಲ ವಾರ ಹಿರಿಯ ಮಗ ಬಂದು "ಇನ್ನು ಮುಂದೆ ಬಾಡಿಗೆ ನನಗೆ ಕೊಡಿ" ಎನ್ನುತ್ತಾನೆ. ಮಾರನೆಯ ದಿನ ಕಿರಿಯವನು ಬಂದು "ಅಣ್ಣನಿಗೆ ಕೊಟ್ಟೀರಿ ಜೋಕೆ, ಅಪ್ಪ ನನ್ನ ಹೆಸರಿಗೆ ಉಯಿಲು ಮಾಡಿದ್ದಾರೆ" ಎನ್ನುತ್ತಾನೆ. ಮೂರು ತಿಂಗಳಾದ ಮೇಲೆ ಗುರುತೇ ಇಲ್ಲದವರೊಬ್ಬರು ಕಾರಿನಲ್ಲಿ ಬಂದಿಳಿದು "ನಾವು ಈ ಪ್ರಾಪರ್ಟಿ ಕೊಂಡಿದ್ದೇವೆ, ಎರಡು ತಿಂಗಳಲ್ಲಿ ಖಾಲಿ ಮಾಡಿ" ಎನ್ನುತ್ತಾರೆ. ಹಿಂದಿನ ಮೂರು ಮನೆಗಳಲ್ಲಿ ಇರುವವರು ಬಾಗಿಲಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಮೂವರಲ್ಲಿ ಯಾರೂ ಬಾಡಿಗೆದಾರನಿಗೆ ಬೀಗದ ಕೈ ಕೊಟ್ಟವರಲ್ಲ. ಕೊಟ್ಟವರು ತೀರಿಕೊಂಡ ಯಜಮಾನರು. ಅವರಿಂದ ನಮಗೆ ಹಕ್ಕು ಬಂದಿದೆ ಎಂದು ಹೇಳುವವರು ಅದನ್ನು ತೋರಿಸಬೇಕು. ಕ್ರಯಪತ್ರ ತೋರಿಸಿ, ಉಯಿಲು ತೋರಿಸಿ ಎಂದು ಕೇಳುವುದು ಬಾಡಿಗೆದಾರನ ಉದ್ಧಟತನವಲ್ಲ, ಕಾನೂನು ಅವನಿಗೆ ಕೊಟ್ಟ ಅವಕಾಶ. ಆದರೆ ಕೇಳದೆ, ನೋಡದೆ, ಹೆದರಿ ಒಬ್ಬರಿಗೆ ಬಾಡಿಗೆ ಕೊಡಲು ಶುರುಮಾಡಿದರೆ ಅಥವಾ ಅವರ ಹೆಸರಿಗೆ ಹೊಸ ಕರಾರಿಗೆ ಸಹಿ ಹಾಕಿದರೆ, ಅವರನ್ನು ಮಾಲೀಕರೆಂದು ಒಪ್ಪಿಕೊಂಡಂತೆ. ಆಮೇಲೆ "ಇವರ ಕ್ರಯಪತ್ರ ಸರಿ ಇಲ್ಲ" ಎಂದರೆ ಕೋರ್ಟು ಕಿವಿಗೊಡುವುದು ಕಷ್ಟ. ಸುಪ್ರೀಂ ಕೋರ್ಟು 2018ರಲ್ಲಿ ಅಪೊಲೊ ಜಿಪ್ಪರ್ ಪ್ರಕರಣದಲ್ಲಿ ಈ ಎರಡೂ ಬದಿಯನ್ನು ವಿವರಿಸಿದೆ: ಹೊಸದಾಗಿ ಬಂದವರ ಹಕ್ಕನ್ನು ಬಾಡಿಗೆದಾರ ಪ್ರಶ್ನಿಸಬಹುದು, ಆದರೆ ಬಾಡಿಗೆ ಕೊಟ್ಟು ಒಪ್ಪಿಕೊಂಡ ಮೇಲೆ ಅಲ್ಲ. ಹಾಗಾಗಿ ಎಲ್ಲ ಕಷ್ಟವೂ ಆ ಮೊದಲ ತಿಂಗಳ ಬಾಡಿಗೆಯಲ್ಲಿದೆ.

ಅಣ್ಣತಮ್ಮಂದಿರ ವಿಷಯಕ್ಕೆ ಬರೋಣ. ಪಾಲು ಆಗುವವರೆಗೆ ಅವರೆಲ್ಲ ಸಹ ಮಾಲೀಕರು. 1976ರಲ್ಲಿ ಶ್ರೀರಾಮ್ ಪಸ್ರಿಚಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಒಬ್ಬ ಸಹ ಮಾಲೀಕ ತಾನೊಬ್ಬನೇ ಬಾಡಿಗೆದಾರನ ಮೇಲೆ ದಾವೆ ಹೂಡಬಹುದು, "ನಿನಗಿರುವುದು ಮೂರನೇ ಒಂದು ಪಾಲು, ನೀನು ಹೇಗೆ ಎಬ್ಬಿಸುತ್ತೀಯ" ಎಂದು ಬಾಡಿಗೆದಾರ ಕೇಳುವಂತಿಲ್ಲ. ಮಿಕ್ಕ ಸಹ ಮಾಲೀಕರು ಆಕ್ಷೇಪ ಎತ್ತಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಮಗಳನ್ನು ಲೆಕ್ಕದಿಂದ ಬಿಡುವ ಹಾಗೂ ಇಲ್ಲ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಕೇಂದ್ರ 2005ರಲ್ಲಿ ತಂದಿತು, 2020ರಲ್ಲಿ ವಿನೀತಾ ಶರ್ಮ ತೀರ್ಪು ಉಳಿದ ಅನುಮಾನಗಳನ್ನು ತೀರಿಸಿತು. ಅಣ್ಣಂದಿರಿಬ್ಬರೇ ಸೇರಿ ಮಾರಿದ ವಠಾರದ ಮೇಲೆ ತಂಗಿ ದಾವೆ ಹಾಕಿದ್ದಾಳೆ ಎಂದರೆ, ಕೊಂಡವರ ಹಕ್ಕು ಆ ದಾವೆಯ ಫಲಿತಾಂಶಕ್ಕೆ ಕಟ್ಟುಬಿದ್ದದ್ದು. ಆಕೆಯ ಪಾಲಿನ ಹಕ್ಕನ್ನು ಬಾಡಿಗೆದಾರ ತನ್ನ ಗುರಾಣಿ ಮಾಡಿಕೊಳ್ಳಬಾರದು ಎನ್ನುವುದು ಎಷ್ಟು ಮುಖ್ಯವೋ, ಆಕೆ ಇದ್ದಾಳೆ ಎನ್ನುವುದನ್ನು ಮರೆತು ಕೊಳ್ಳುವವರು ದುಡ್ಡು ಸುರಿಯಬಾರದು ಎನ್ನುವುದೂ ಅಷ್ಟೇ ಮುಖ್ಯ.

ಕಾರಿನಲ್ಲಿ ಬಂದವರ ಕ್ರಯಪತ್ರ ಸರಿಯಾಗಿದ್ದರೆ? ಆಗ ಸ್ವತ್ತು ವರ್ಗಾವಣೆ ಅಧಿನಿಯಮದ 109ನೇ ಕಲಮಿನಂತೆ ಹಳೆಯ ಮಾಲೀಕರ ಜಾಗದಲ್ಲಿ ಅವರು ನಿಲ್ಲುತ್ತಾರೆ. ಬಾಡಿಗೆದಾರನ ಒಪ್ಪಿಗೆ ಬೇಕಿಲ್ಲ. "ನಾವು ಬಾಡಿಗೆಗೆ ಬಂದದ್ದು ಯಜಮಾನರ ಹತ್ತಿರ, ನೀವು ಯಾರೋ ಗೊತ್ತಿಲ್ಲ" ಎನ್ನುವ ಮಾತು ನೋಂದಾಯಿತ ಕ್ರಯಪತ್ರ ಕಣ್ಣ ಮುಂದಿದ್ದಾಗ ನಿಲ್ಲುವುದಿಲ್ಲ. ಆದರೆ ಮಾರಾಟ ಆದದ್ದು ತಿಳಿಯದೆ ಹಳೆಯ ಮಾಲೀಕರಿಗೆ ಬಾಡಿಗೆ ಕೊಟ್ಟಿದ್ದರೆ ಅದನ್ನೇ ಮತ್ತೆ ಹೊಸಬರಿಗೆ ಕೊಡಬೇಕಾಗಿಲ್ಲ, ಅದೇ ಕಲಮು ಈ ರಕ್ಷಣೆಯನ್ನೂ ಕೊಟ್ಟಿದೆ. 50ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಕ್ಕಿನಲ್ಲಿ ದೋಷವಿದೆ ಎಂಬುದು ತಿಳಿಯದೆ ಪ್ರಾಮಾಣಿಕವಾಗಿ ಒಬ್ಬರಿಗೆ ಬಾಡಿಗೆ ಕೊಟ್ಟಿದ್ದರೆ, ಮುಂದೆ ಅವರು ಮಾಲೀಕರಲ್ಲ ಎಂದು ಗೊತ್ತಾದರೂ ಆ ಹಣವನ್ನು ಎರಡನೇ ಸಲ ಕೇಳುವಂತಿಲ್ಲ. ಬಾಡಿಗೆದಾರರ ಪರವಾದ ಇಷ್ಟು ಒಳ್ಳೆಯ ಕಲಮನ್ನು ಜನ ಉಪಯೋಗಿಸಿಕೊಳ್ಳುವುದೇ ಅಪರೂಪ.

ಹಾಗಾದರೆ ವಠಾರದ ಬಾಡಿಗೆದಾರ ಮಾಡಬೇಕಾದ್ದೇನು? ಬಾಡಿಗೆ ನಿಲ್ಲಿಸಬಾರದು, ಇದು ಮೊದಲನೆಯದು. ಮೂವರಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಬರೆಯಬೇಕು: ಬಾಡಿಗೆ ಇಷ್ಟು, ಇಂಥ ತಿಂಗಳವರೆಗೆ ಯಜಮಾನರಿಗೆ ಸಲ್ಲಿಸಿದ್ದೇನೆ, ಮುಂಗಡ ಇಷ್ಟು ಕೊಟ್ಟಿದ್ದೇನೆ, ಯಾರಿಗೆ ಕೊಡಬೇಕೆಂದು ದಾಖಲೆ ಸಮೇತ ತಿಳಿಸಿದರೆ ಕೊಡಲು ಸಿದ್ಧನಿದ್ದೇನೆ. ಮುಂಗಡದ ಮೊತ್ತವನ್ನು ಈ ಪತ್ರದಲ್ಲಿ ಬರೆಯುವುದನ್ನು ಮರೆಯಬೇಡಿ. ಯಜಮಾನರು ಹೋದ ಮೇಲೆ ಮೊದಲು ಮಾಯವಾಗುವುದು ಅದರ ನೆನಪೇ. ಬಾಡಿಗೆ ಯಾರಿಗೆ ಸಲ್ಲಬೇಕು ಎಂಬ ನಿಜವಾದ ಅನುಮಾನ ಇದ್ದಾಗ ಅದನ್ನು ಬಾಡಿಗೆ ನಿಯಂತ್ರಕರ ಬಳಿ ಠೇವಣಿ ಇಡಲು ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಅವಕಾಶ ಇದೆ. ಆ ಕಾಯ್ದೆಯ ಹೊರಗಿನ ಮನೆಯಾದರೆ ತಿಂಗಳು ತಿಂಗಳು ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಿ, ದಾವೆ ಬಂದ ಕೂಡಲೇ ಕೋರ್ಟಿಗೆ ಕಟ್ಟಲು ಅನುಮತಿ ಕೇಳಿ.

ಇಂಟರ್‌ಪ್ಲೀಡರ್ ದಾವೆ ಎಂಬುದೂ ಒಂದಿದೆ. "ಇವರಿಬ್ಬರೂ ನನ್ನಿಂದ ಹಣ ಕೇಳುತ್ತಿದ್ದಾರೆ, ಯಾರಿಗೆ ಸಲ್ಲಬೇಕೋ ನೀವೇ ತೀರ್ಮಾನಿಸಿ" ಎಂದು ಕೋರ್ಟಿಗೆ ಹೋಗುವುದು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಆದೇಶದ 5ನೇ ನಿಯಮ ಬಾಡಿಗೆದಾರನಿಗೆ ಇದನ್ನು ಸಂಪೂರ್ಣ ತೆರೆದಿಟ್ಟಿಲ್ಲ. ನಿಮ್ಮ ಮಾಲೀಕರ ಮೂಲಕವೇ ಹಕ್ಕು ಹೇಳುವವರ ನಡುವೆ ಜಗಳವಿದ್ದರೆ ಸರಿ, ವಠಾರದ ಅಣ್ಣತಮ್ಮಂದಿರ ಹಾಗೆ. ಎಲ್ಲಿಂದಲೋ ಬಂದ ಮೂರನೆಯವರನ್ನು ನಿಮ್ಮ ಮಾಲೀಕರ ಎದುರು ನಿಲ್ಲಿಸಲು ಬರುವುದಿಲ್ಲ.

ಈಗ ಮಾಲೀಕರ ಕಡೆ ತಿರುಗುತ್ತೇನೆ, ಯಾಕೆಂದರೆ ಕೇಸು ಹಾಳಾಗುವುದರಲ್ಲಿ ನಿಮ್ಮ ಪಾಲೂ ದೊಡ್ಡದಿದೆ. ನಗದು ಬಾಡಿಗೆ ತೆಗೆದುಕೊಂಡು ರಸೀದಿ ಕೊಡದೆ ಇರುವುದು. ಕೇಳಿದರೆ, ರಸೀದಿ ಕೊಟ್ಟರೆ ಬಾಡಿಗೆದಾರನಿಗೆ ಹಕ್ಕು ಬಂದುಬಿಡುತ್ತದೆ ಎಂಬ ಭಯ. ನಿಜ ಇದಕ್ಕೆ ತದ್ವಿರುದ್ಧ. ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು, ಅದರ 43ನೇ ಕಲಮನ್ನು ದಯವಿಟ್ಟು ಓದಿ. ನಮ್ಮಿಬ್ಬರ ನಡುವೆ ಬಾಡಿಗೆ ಸಂಬಂಧವೇ ಇಲ್ಲ ಎಂದು ಎದುರು ಪಕ್ಷ ತಕರಾರು ಎತ್ತಿದಾಗ, ಬಾಡಿಗೆ ಕರಾರು ಇದ್ದರೆ ಅದನ್ನು, ಅದಿಲ್ಲದಿದ್ದರೆ ಮಾಲೀಕರ ಸಹಿ ಇರುವ ಬಾಡಿಗೆ ರಸೀದಿಯನ್ನು ಮೇಲ್ನೋಟದ ಸಾಕ್ಷ್ಯವಾಗಿ ಒಪ್ಪಿ ಕೋರ್ಟು ಮುಂದುವರಿಯಬಹುದು. ಎರಡೂ ಇಲ್ಲದೆ ಬರೀ ಬಾಯಿಮಾತಿನ ಬಾಡಿಗೆಯಾದರೆ, ಅಥವಾ ತೋರಿಸಿದ ಕಾಗದದ ಮೇಲೇ ಅನುಮಾನ ಬಂದರೆ, ಕೋರ್ಟು ವಿಚಾರಣೆಯನ್ನು ಅಲ್ಲೇ ನಿಲ್ಲಿಸಿ, ಸಿವಿಲ್ ಕೋರ್ಟಿಗೆ ಹೋಗಿ ಹಕ್ಕು ಘೋಷಣೆ ತನ್ನಿ ಎಂದು ಕಳಿಸಬೇಕು. ಆ ಘೋಷಣೆ, ಅದರ ಮೇಲಿನ ಮೇಲ್ಮನವಿ ಎಲ್ಲ ಮುಗಿಯುವ ಹೊತ್ತಿಗೆ ನಿಮ್ಮ ಮಗಳ ಮದುವೆಗೆ ಬೇಕು ಎಂದು ಕೇಳಿದ ಮನೆಯಲ್ಲಿ ಮೊಮ್ಮಕ್ಕಳು ಓಡಾಡುವ ವಯಸ್ಸಾಗಿರುತ್ತದೆ. ದ್ವಿಪ್ರತಿ ಹಾಳೆಯ ಒಂದು ರಸೀದಿ ಪುಸ್ತಕ, ಅದರಲ್ಲಿ ಮನೆ ನಂಬರು, ತಿಂಗಳು, ಮೊತ್ತ, ನಿಮ್ಮ ಸಹಿ, ಐದು ಸಾವಿರ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಇಷ್ಟನ್ನು ಮಾಡಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು.

ಎಲ್ಲ ಮನೆಗೂ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹೊರಗೆ. ಅಂಗಡಿಯಾದರೆ 14 ಚದರ ಮೀಟರ್ ಒಳಗಿನದಕ್ಕೆ ಮಾತ್ರ ಅದರ ನೆರಳು. ಇವತ್ತಿನ ಬಾಡಿಗೆ ನೋಡಿದರೆ ಬಹುಪಾಲು ಪ್ರಕರಣಗಳು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿಗೇ ಹೋಗುತ್ತವೆ: ತಿಂಗಳ ಬಾಡಿಗೆಯಾದರೆ ಹದಿನೈದು ದಿನದ ನೋಟಿಸ್, ಆಮೇಲೆ ದಾವೆ. ಅಲ್ಲಿ ಸ್ವಂತಕ್ಕೆ ಬೇಕು ಎಂದು ಕಾರಣ ತೋರಿಸುವ ಅಗತ್ಯವೂ ಇಲ್ಲ. ಅಂಥ ದಾವೆಯಲ್ಲಿ ಬಾಡಿಗೆದಾರನ ಕೈಯಲ್ಲಿ ಉಳಿಯುವುದು ನೋಟಿಸಿನ ಲೋಪ, ಕರಾರಿನ ಉಳಿದ ಅವಧಿ, ಮುಂಗಡದ ಲೆಕ್ಕ, ಖಾಲಿ ಮಾಡಲು ಕಾಲಾವಕಾಶ. ಇವು ಸಣ್ಣವಾಗಿ ಕಂಡರೂ ಇವುಗಳ ಮೇಲೆ ರಾಜಿಯಾಗಿ ಒಂದು ವರ್ಷದ ಸಮಯ, ಪೂರ್ತಿ ಮುಂಗಡ ಪಡೆದುಕೊಂಡವರಿದ್ದಾರೆ. ಹಕ್ಕಿನ ತಕರಾರು ಹಿಡಿದು ಸೋತವರು, ಡಿಕ್ರಿ ಆದ ದಿನದಿಂದ ಮಾರುಕಟ್ಟೆ ದರದಲ್ಲಿ ಹಣ ಕಟ್ಟಿದರೆ ಮಾತ್ರ ತಡೆಯಾಜ್ಞೆ ಎಂಬ ಷರತ್ತನ್ನು ಎದುರಿಸಬೇಕಾಗುತ್ತದೆ. ಸುಪ್ರೀಂ ಕೋರ್ಟಿನ 2004ರ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪಿನ ನಂತರ ಮೇಲ್ಮನವಿಯಲ್ಲಿ ಇದು ರೂಢಿಯೇ ಆಗಿದೆ.

ಎರಡು ತಪ್ಪು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಖಾತೆ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು ಎನ್ನುವುದು ಒಂದು. ಖಾತೆ ಇರುವುದು ಕಂದಾಯ ಕಟ್ಟಲು. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ, ಹೋಗುವುದೂ ಇಲ್ಲ. ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದ್ದೇ ಎನ್ನುವುದು ಇನ್ನೊಂದು. ಬಾಡಿಗೆದಾರ ಇರುವುದು ಅನುಮತಿಯ ಮೇಲೆ. ಅನುಮತಿಯ ಮೇಲೆ ಇರುವವನು ನಲವತ್ತು ವರ್ಷ ಇದ್ದರೂ ಅದು ಪ್ರತಿಕೂಲ ಸ್ವಾಧೀನ, ಅಂದರೆ ಮಾಲೀಕನ ಹಕ್ಕಿಗೆ ಎದುರಾದ ಸ್ವಾಧೀನ, ಆಗುವುದಿಲ್ಲ. ಈ ಭಯದಿಂದ ಹನ್ನೊಂದನೇ ವರ್ಷಕ್ಕೆ ಒಳ್ಳೆಯ ಬಾಡಿಗೆದಾರರನ್ನು ಬಲವಂತವಾಗಿ ಕಳಿಸುವ ಮಾಲೀಕರನ್ನು ಕಂಡು ಬೇಸರವಾಗುತ್ತದೆ.

ಮತ್ತೆ, ಹಕ್ಕು ನಿಮ್ಮದೇ ಆಗಿದ್ದರೂ ಬೀಗ ಒಡೆಯಬೇಡಿ, ನೀರು ಕರೆಂಟು ಕಡಿಯಬೇಡಿ. ಕಾನೂನು ಕ್ರಮವಿಲ್ಲದೆ ಹೊರಗೆ ಹಾಕಿಸಿಕೊಂಡವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ 6ನೇ ಕಲಮಿನಡಿ ದಾವೆ ಹೂಡಿದರೆ, ಮಾಲೀಕ ಯಾರು ಎಂದು ನೋಡದೆಯೇ ಸ್ವಾಧೀನ ವಾಪಸ್ ಕೊಡಿಸುತ್ತಾರೆ. ಹೆಂಗಸರು ಮಕ್ಕಳು ಪಾತ್ರೆ ಪಡಗದ ಜೊತೆ ರಸ್ತೆಯಲ್ಲಿ ನಿಲ್ಲುವುದನ್ನು ಯಾವ ಕ್ರಯಪತ್ರವೂ ಸಮರ್ಥಿಸುವುದಿಲ್ಲ.

ಕೊನೆಯದಾಗಿ ಭೋಗ್ಯದ ವಿಷಯ. ಇದನ್ನು ಹೇಳದೆ ಹೋದರೆ ಬೆಂಗಳೂರಿನಲ್ಲಿ ಮಾತಾಡಿ ಪ್ರಯೋಜನವಿಲ್ಲ. ತಿಂಗಳ ಬಾಡಿಗೆ ಉಳಿಯಲಿ ಎಂದು ಜನ ಒಡವೆ ಮಾರಿ, ಪಿ.ಎಫ್. ತೆಗೆದು, ಹತ್ತು ಹದಿನೈದು ಲಕ್ಷವನ್ನು ಒಂದೇ ಗಂಟಿನಲ್ಲಿ ಕೊಡುತ್ತಾರೆ. ಕೊಟ್ಟಿದ್ದು ಯಾರಿಗೆ? ಎಷ್ಟೋ ಸಲ ಆತ ಮಾಲೀಕನಲ್ಲ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ನಿಮಗೆ ಭೋಗ್ಯಕ್ಕೆ ಕೊಟ್ಟು, ನಾಲ್ಕು ತಿಂಗಳು ಬಾಡಿಗೆ ಕಟ್ಟಿ ಆಮೇಲೆ ಫೋನ್ ಬಂದ್ ಮಾಡುವ ಮಧ್ಯವರ್ತಿ. ನಾನು ಇಷ್ಟು ಹೊತ್ತು ಹೇಳಿದ ನಿಯಮ ಇಲ್ಲಿ ನಿಜವಾದ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಅದು ಕಟ್ಟುವುದು ನಿಮಗೆ ಮನೆ ಕೊಟ್ಟವನನ್ನೂ ನಿಮ್ಮನ್ನೂ ಮಾತ್ರ. ಮಾಲೀಕರು ಬಂದು ಬಾಗಿಲು ತಟ್ಟಿದಾಗ ನಿಮ್ಮ ಹದಿನೈದು ಲಕ್ಷಕ್ಕೆ ಅವರು ಹೊಣೆಯಲ್ಲ. ಪೊಲೀಸ್ ದೂರು, ವಸೂಲಿ ದಾವೆ ಎಲ್ಲ ಆ ಮಧ್ಯವರ್ತಿಯ ಹಿಂದೆಯೇ ಹೋಗಬೇಕು.

ಮಾಲೀಕರೇ ಕೊಟ್ಟ ಭೋಗ್ಯದಲ್ಲೂ ಬ್ಯಾಂಕ್ ಸಾಲದ ಅಪಾಯ ಇದೆ. ಮನೆ ಮೊದಲೇ ಅಡವಿದ್ದು ಸಾಲ ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ಬರುತ್ತದೆ. 2016ರ ತಿದ್ದುಪಡಿಯ ನಂತರ ಬಾಡಿಗೆದಾರರೂ ಸಾಲ ವಸೂಲಿ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದು. ಆದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ ನಿಮ್ಮ ಲೀಸು ಅಡಮಾನಕ್ಕಿಂತ ಹಿಂದಿನದೋ ಮುಂದಿನದೋ, ಕಾನೂನಿನ ಪ್ರಕಾರ ಆಗಿದೆಯೋ ಇಲ್ಲವೋ ಎಂಬುದು. ಬ್ಯಾಂಕಿನ ಬೇಡಿಕೆ ನೋಟಿಸ್ ಬಂದ ಮೇಲೆ ಅದರ ಒಪ್ಪಿಗೆಯಿಲ್ಲದೆ ಮಾಲೀಕರು ಮನೆಯನ್ನು ಲೀಸಿಗೆ ಕೊಡುವಂತೆಯೂ ಇಲ್ಲ. ಬೇಕರಿ ಪಕ್ಕದ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದ, ನೋಂದಣಿಯಾಗದ ಹನ್ನೊಂದು ತಿಂಗಳ ಕರಾರು ಹಿಡಿದು ಅಲ್ಲಿ ನಿಲ್ಲುವುದು ಬಹಳ ಕಷ್ಟ.

ಆದ್ದರಿಂದ ಹಣ ಕೊಡುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಸ್ವತ್ತಿನ ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ಕೊನೆಯ ಕ್ರಯಪತ್ರ ಯಾರ ಹೆಸರಿಗಿದೆ, ಅಡಮಾನ ನಮೂದಾಗಿದೆಯೇ ನೋಡಿ. ಆ ಹೆಸರಿನವರೇ ಎದುರು ಕೂತು ಸಹಿ ಹಾಕಲಿ. ಮಗ, ಅಳಿಯ, ಮ್ಯಾನೇಜರ್ ಯಾರಾದರೂ ಆದರೆ ಅಧಿಕಾರ ಪತ್ರ ಕೇಳಿ. ಹಣ ಅವರ ಬ್ಯಾಂಕ್ ಖಾತೆಗೇ ಹೋಗಲಿ. ಭೋಗ್ಯದ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಶುಲ್ಕ ಹೆಚ್ಚಾಗುತ್ತದೆ ಎಂದು ಮಾಲೀಕರು ಹಿಂದೆಗೆದರೆ ಅರ್ಧ ನಾನೇ ಹಾಕುತ್ತೇನೆ ಎನ್ನಿ. ನೋಂದಾಯಿಸಿದರೆ ಅದೂ ಇ.ಸಿ.ಯಲ್ಲಿ ಬರುತ್ತದೆ, ನಾಳೆ ಆ ಮನೆ ಕೊಳ್ಳುವವರಿಗೂ ಸಾಲ ಕೊಡುವ ಬ್ಯಾಂಕಿಗೂ ನೀವು ಅಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ನೋಂದಣಿಗೆ ಒಪ್ಪದೇ ಇದ್ದರೆ ಆ ಮನೆ ಬಿಟ್ಟು ಬೇರೆ ಮನೆ ನೋಡಿ.